ಮೇದಸ್ಸಿನ ಕಣಜ

ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಶರೀರದ ಸಪ್ತಧಾತುಗಳನ್ನು ಎಣಿಸಿದ ನಮ್ಮ ಪ್ರಾಚೀನ ವೈದ್ಯರು ಮೇದಸ್ಸಿಗೆ ಸರಿಯಾಗಿ ನಡುವಣ ಸ್ಥಾನವನ್ನು ಕೊಟ್ಟು, ದೇಹಕ್ಕೆ ಸ್ನಿಗ್ಧತೆಯನ್ನೂ ದಾರ್ಢ್ಯವನ್ನೂ ಒದಗಿಸುವ ಕಾರ್ಯವನ್ನು ಅದಕ್ಕೆ ವಹಿಸಿದರು. ಸುಗ್ಗಿಯಲ್ಲಿ ಬಂದ ಧಾನ್ಯವನ್ನೆಲ್ಲ ಆಗಲೇ ತಿಂದು ತೀರಿಸದೆ, ಮುಂದೆ ಬರಬಹುದಾದ ಬರಗಾಲವನ್ನು ನೆನೆದು ಹಗೇವಿನಲ್ಲಿಯೋ ಕಣಜದಲ್ಲಿಯೋ ತುಂಬಿಡುವ ಒಕ್ಕಲಿಗನ ವಿವೇಕವೇ ಶರೀರಕ್ಕೂ ಉಂಟು. ಉಂಡ ಅನ್ನದಲ್ಲಿ ಅಂದಂದಿಗೆ ಬೇಕಾದುದನ್ನು ಖರ್ಚುಮಾಡಿ, ಮಿಕ್ಕುದನ್ನು ಕೊಬ್ಬನ್ನಾಗಿ ಮಾರ್ಪಡಿಸಿ, ಚರ್ಮದ ಕೆಳಗೂ ಕರುಳಿನ ಸುತ್ತಲೂ ಅದು ಕಾಪಿಟ್ಟುಕೊಳ್ಳುತ್ತದೆ. ಅರವತ್ತು ಕಿಲೋಗ್ರಾಂ ತೂಗುವ ಸಾಧಾರಣ ವ್ಯಕ್ತಿಯೊಬ್ಬನಲ್ಲಿ ಇಂಥ ದಾಸ್ತಾನು ಹತ್ತು ಹದಿನೈದು ಕಿಲೋಗ್ರಾಂ ಇರುವುದು ಅಸಹಜವೇನೂ ಅಲ್ಲ. ಮನುಷ್ಯನು ಹುಟ್ಟಿದಂದಿನಿಂದಲೂ ಈ ಕಣಜವನ್ನು ಅನ್ನವೇ ತುಂಬುತ್ತಿದ್ದಿತು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ, ಅವನೇ ತಯಾರಿಸಿದ, ಅನ್ನವಲ್ಲದ, ಶರೀರಕ್ಕೆ ಪರಿಚಯವೇ ಇಲ್ಲದ ವಸ್ತುವೊಂದು ಅನ್ನದ ಜೊತೆಯಲ್ಲಿ ಅದರೊಳಕ್ಕೆ ಇಳಿಯತೊಡಗಿತು.

ಆ ವಸ್ತುವಿನ ಹೆಸರನ್ನು ಕೇಳದವರು ವಿರಳ. ಡಿಡಿಟಿಯನ್ನು ೧೮೭೪ರಷ್ಟು ಹಿಂದೆಯೇ ಓತ್ಮಾರ್ ಜೈಡ್ಲರ್ ಎಂಬ ರಸಾಯನಶಾಸ್ತ್ರಜ್ಞನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದ್ದನು; ಅದರ ಉಪಯೋಗವೇನೆಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಅರವತ್ತೈದು ವರ್ಷಗಳ ತರುವಾಯ, ೧೯೩೯ರಲ್ಲಿ, ಸ್ವಿಟ್ಜರ್ಲೆಂಡಿನ ಗೈಗಿ ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದ ಪೌಲ್ ಮ್ಯುಲ್ಲರ್ ಎಂಬಾತನು ಅದು ಕೀಟಗಳನ್ನು ಕೇವಲ ಸ್ಪರ್ಶಮಾತ್ರದಿಂದ ಕೊಲ್ಲಬಲ್ಲುದೆಂದು ಕಂಡುಹಿಡಿದನು. ಯುದ್ಧಕಾಲದಲ್ಲಿ, ೧೯೪೩-೪೪ರ ಚಳಿಗಾಲದಲ್ಲಿ, ಇಟಲಿಯ ನೇಪಲ್ಸ್ ನಗರದಲ್ಲಿ ಹೇನುಗಳಿಂದ ಹರಡುವ ಟೈಫಸ್ ಜ್ವರವು ತಲೆಯೆತ್ತಿದಾಗ, ಹತ್ತು ಲಕ್ಷಕ್ಕೂ ಮಿಗಿಲಾದ ಜನರ ಮೈಮೇಲೆ, ಬಟ್ಟೆಯ ಒಳಗೆ, ಈ ಬಿಳಿಯ ಪುಡಿಯನ್ನು ಊದಿ ಆ ಸಾಂಕ್ರಾಮಿಕವನ್ನು ನಿಲ್ಲಿಸಿದರು. ೧೯೪೮ರಲ್ಲಿ ಮ್ಯುಲ್ಲರನಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು.

ಇಂದು ಆ ಪುಡಿಯನ್ನು ನಿಂದಿಸುವುದು ಸುಲಭ. ಆದರೆ ಅದರ ಉಪಕಾರವನ್ನು ಮೊದಲು ಹೇಳದೆ ಅಪಕಾರವನ್ನು ಹೇಳುವುದು ನ್ಯಾಯವಾಗಲಾರದು. ಸ್ವಾತಂತ್ರ್ಯವು ಬಂದ ಸಮಯದಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ೭.೫ ಕೋಟಿ ಜನರು ಮಲೇರಿಯಾಕ್ಕೆ ತುತ್ತಾಗುತ್ತಿದ್ದರೆಂದೂ ಸುಮಾರು ೮ ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. ಮಲೆನಾಡಿನ ಚಳಿಜ್ವರಕ್ಕೆ ಅಂಜಿ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಬಯಲುಸೀಮೆಯ ತಂದೆತಾಯಿಗಳ ಮಾತನ್ನು ಹಿರಿಯರಿಂದ ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಪ್ರಾರಂಭವಾಗಿ, ಖಾಕಿಯ ನೌಕರರು ಹೆಗಲಿಗೆ ಪಂಪನ್ನು ತಗುಲಿಸಿಕೊಂಡು ಮನೆಮನೆಯನ್ನೂ ಹೊಕ್ಕು, ಗೋಡೆಗಳಿಗೆಲ್ಲ ಡಿಡಿಟಿಯನ್ನು ಹೊಡೆದು, ಹೊಡೆದ ದಿನಾಂಕವನ್ನು ಬಾಗಿಲಿನ ಪಕ್ಕದಲ್ಲಿ ಬರೆದು ಹೋಗುತ್ತಿದ್ದ ಕಾಲದಲ್ಲಿ ರೋಗವು ಕ್ರಮೇಣ ಇಳಿದು, ೧೯೬೫ರ ಹೊತ್ತಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ರೋಗಿಗಳ ಮಟ್ಟಕ್ಕೆ ಬಂದುದು ಸಾಮಾನ್ಯ ಸಾಧನೆಯಲ್ಲ. ಗೋಡೆಯ ಮೇಲೆ ಒಮ್ಮೆ ಹೊಡೆದರೆ ತಿಂಗಳುಗಟ್ಟಲೆ ನಿಲ್ಲುವುದೆಂಬುದೇ ಆ ಪುಡಿಯ ಹಿರಿಮೆಯಾಗಿದ್ದಿತು. ಬಹುಕಾಲ ಕೆಡದೆ ನಿಲ್ಲುವ ಆ ಗುಣವು ಗೋಡೆಯ ಮೇಲಿದ್ದಾಗ ಗುಣವೇ ಸರಿ. ಶರೀರವನ್ನು ಹೊಕ್ಕಾಗ ಅದೇ ದೋಷವಾಗಿ ಪರಿಣಮಿಸಿತು.

ಅದು ಹೇಗೆಂಬುದನ್ನು ತಿಳಿಯಬೇಕಾದರೆ ಅಡುಗೆಮನೆಯ ಒಂದು ಸಂಗತಿಯನ್ನು ನೆನೆದರೆ ಸಾಕು. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಜಿಡ್ಡು ಎಣ್ಣೆಯೊಡನೆ ಬೆರೆಯುತ್ತದೆ, ನೀರಿನೊಡನೆ ಬೆರೆಯುವುದಿಲ್ಲ. ಶರೀರದೊಳಕ್ಕೆ ಬಂದ ಬೇಡದ ವಸ್ತುಗಳನ್ನು ಹೊರಹಾಕುವ ಮೂತ್ರಪಿಂಡಗಳು ನೀರಿನಲ್ಲಿ ಕರಗುವುದನ್ನು ಮಾತ್ರ ಸಲೀಸಾಗಿ ಸಾಗಿಸಬಲ್ಲುವು. ಡಿಡಿಟಿಯಾದರೋ ನೀರನ್ನು ಸಂಪೂರ್ಣವಾಗಿ ತ್ಯಜಿಸಿ ಕೊಬ್ಬನ್ನೇ ಆಶ್ರಯಿಸುವ ಸ್ವಭಾವದ್ದು. ಯಕೃತ್ತು ಅದನ್ನು ಒಡೆಯಲು ಯತ್ನಿಸಿ, ಡಿಡಿಇ ಎಂಬ ಇನ್ನೊಂದು ರೂಪಕ್ಕೆ ತರುತ್ತದೆ. ಆ ರೂಪವು ಮೂಲಕ್ಕಿಂತಲೂ ಹಠಮಾರಿಯಾದುದರಿಂದ, ಒಮ್ಮೆ ಮೇದಸ್ಸನ್ನು ಸೇರಿತೆಂದರೆ, ಇದ್ದುದರಲ್ಲಿ ಅರ್ಧವು ಹೊರಗೆ ಹೋಗುವುದಕ್ಕೆ ಎಷ್ಟೋ ವರ್ಷಗಳು ಹಿಡಿಯುತ್ತವೆ. ದಿನವೂ ಬರುವುದು ಅಣುಮಾತ್ರವೇ ಆದರೂ, ಹೋಗುವುದು ಅದಕ್ಕಿಂತ ಕಡಮೆಯಾದ ಕಾರಣ, ಹನಿಗೂಡಿದರೆ ಹಳ್ಳವೆಂಬಂತೆ ಕಣಜವು ತುಂಬುತ್ತ ಹೋಗುತ್ತದೆ.

ಡಿಡಿಟಿಯನ್ನು ತಿನ್ನಿಸಿದ ನಾಯಿಗಳ ಕೊಬ್ಬಿನಲ್ಲಿ ಅದು ಶೇಖರವಾಗುವುದನ್ನು ಯುದ್ಧವು ಮುಗಿಯುವ ಹೊತ್ತಿಗೇ ಅಮೆರಿಕದ ವಿಜ್ಞಾನಿಗಳು ಗಮನಿಸಿದ್ದರು. ೧೯೫೧ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಲಾಗ್ ಮತ್ತು ಅವನ ಸಹೋದ್ಯೋಗಿಗಳು, ಕೀಟನಾಶಕಗಳ ಉದ್ಯೋಗದೊಡನೆ ಯಾವ ಸಂಬಂಧವೂ ಇಲ್ಲದ ೭೫ ಮಂದಿ ಸಾಮಾನ್ಯ ಜನರ ಕೊಬ್ಬಿನ ತುಣುಕುಗಳನ್ನು ಪರೀಕ್ಷಿಸಿ, ಕಿಲೋಗ್ರಾಮಿಗೆ ಸರಾಸರಿ ಸುಮಾರು ೫ ಮಿಲಿಗ್ರಾಂ ಡಿಡಿಟಿಯನ್ನು ಕಂಡರು. ತಾಯಂದಿರ ಎದೆಹಾಲಿನಲ್ಲಿಯೂ ಅದು ಇದ್ದಿತು. ಆ ಪುಡಿಯು ಸಾರ್ವಜನಿಕ ಬಳಕೆಗೆ ಬಂದು ಆಗ ಇನ್ನೂ ಆರೇಳು ವರ್ಷಗಳಾಗಿದ್ದುವು. ೧೯೫೭ರಲ್ಲಿ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಎಂಬ ವಿಜ್ಞಾನಿಯು ಕ್ಲೋರಿನ್ ಉಳ್ಳ ಇಂಥ ವಸ್ತುಗಳನ್ನು ಅತಿಸೂಕ್ಷ್ಮ ಪ್ರಮಾಣದಲ್ಲಿಯೂ ಗುರುತಿಸಬಲ್ಲ ಉಪಕರಣವೊಂದನ್ನು ನಿರ್ಮಿಸಿದ ಮೇಲಂತೂ, ಹುಡುಕಿದ ಕಡೆಯಲ್ಲೆಲ್ಲ, ಮನುಷ್ಯರಲ್ಲಿಯೂ ಪಶುಪಕ್ಷಿಗಳಲ್ಲಿಯೂ, ಅದು ಕಾಣಿಸಿಕೊಂಡಿತು. ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ನುಸಿಗಳ ಕಾಟವನ್ನು ತಪ್ಪಿಸುವುದಕ್ಕಾಗಿ ಡಿಡಿಟಿಯ ಸೋದರ ರಾಸಾಯನಿಕವೊಂದನ್ನು ಅತ್ಯಲ್ಪವಾಗಿ ಬೆರೆಸಿದ್ದರು. ನೀರಿನಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗವೂ ಇರಲಿಲ್ಲ. ಸೂಕ್ಷ್ಮಜೀವಿಗಳನ್ನು ಸಣ್ಣ ಮೀನು ತಿಂದು, ಸಣ್ಣ ಮೀನನ್ನು ದೊಡ್ಡ ಮೀನು ತಿಂದು, ಮೀನನ್ನು ಮುಳುಗುಹಕ್ಕಿಗಳು ತಿಂದುವು. ಸತ್ತುಬಿದ್ದ ಆ ಹಕ್ಕಿಗಳ ಕೊಬ್ಬಿನಲ್ಲಿ ಅದು ಹತ್ತು ಲಕ್ಷಕ್ಕೆ ೧೬೦೦ ಭಾಗದಷ್ಟಿದ್ದಿತು. ರೇಚಲ್ ಕಾರ್ಸನ್ ೧೯೬೨ರಲ್ಲಿ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಸರೋವರದ ವೃತ್ತಾಂತವನ್ನು ಲೋಕಕ್ಕೆ ತಿಳಿಸಿದಳು.

ಇದೇ ವರ್ಷಗಳಲ್ಲಿ ನಡೆದ ಮತ್ತೊಂದು ಪ್ರಯೋಗವನ್ನು ಓದಿದಾಗ ನನ್ನ ಮನಸ್ಸು ಕಲಕಿಹೋಯಿತು. ವೇಲ್ಯಾಂಡ್ ಹೇಯ್ಸ್ ಎಂಬ ವೈದ್ಯನು ಅಮೆರಿಕದ ಸೆರೆಮನೆಯೊಂದರಲ್ಲಿ, ಒಪ್ಪಿಗೆ ಕೊಟ್ಟ ಕೈದಿಗಳಿಗೆ ದಿನವೊಂದಕ್ಕೆ ೩.೫ ಮಿಲಿಗ್ರಾಮಿನಂತೆ ಕೆಲವರಿಗೆ, ೩೫ ಮಿಲಿಗ್ರಾಮಿನಂತೆ ಕೆಲವರಿಗೆ, ತಿಂಗಳುಗಟ್ಟಲೆ ಡಿಡಿಟಿಯನ್ನು ತಿನ್ನಿಸಿ, ಆಗಾಗ ಅವರ ಮೈಯಿಂದ ಕೊಬ್ಬಿನ ತುಣುಕನ್ನು ತೆಗೆದು ಅಳೆದನು. ಹೆಚ್ಚು ತಿಂದವರ ಕೊಬ್ಬಿನಲ್ಲಿ ಹೆಚ್ಚು, ಕಡಮೆ ತಿಂದವರಲ್ಲಿ ಕಡಮೆ; ಸುಮಾರು ಒಂದು ವರ್ಷದ ಬಳಿಕ ಏರುವುದು ನಿಂತು ಒಂದು ಮಟ್ಟದಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ದೊರೆತ ಫಲಿತಾಂಶ. ಕೈದಿಗಳಲ್ಲಿ ಯಾವ ರೋಗಲಕ್ಷಣವೂ ಕಾಣಲಿಲ್ಲವೆಂದು ೧೯೫೬ರಲ್ಲಿ ಪ್ರಕಟವಾದ ಆ ವರದಿಯು ಬಹುಕಾಲ ಡಿಡಿಟಿಯ ಪಕ್ಷದ ಮುಖ್ಯ ಸಾಕ್ಷಿಯಾಗಿದ್ದಿತು. ಕೆಲವೇ ಮಂದಿ ಪ್ರಾಪ್ತವಯಸ್ಕ ಗಂಡಸರನ್ನು ಒಂದೂವರೆ ವರ್ಷ ನೋಡಿ, ಗರ್ಭದಲ್ಲಿರುವ ಶಿಶುವಿಗೂ ಎದೆಹಾಲನ್ನು ಕುಡಿಯುವ ಕೂಸಿಗೂ ಏನಾದೀತೆಂಬುದನ್ನು ತಿಳಿಯುವುದು ಹೇಗೆ ಸಾಧ್ಯ? ಸೆರೆಮನೆಯೊಳಗೆ ಕೊಡುವ ಒಪ್ಪಿಗೆಯು ಎಷ್ಟರಮಟ್ಟಿಗೆ ಒಪ್ಪಿಗೆ? ಎರಡು ಪ್ರಶ್ನೆಗಳನ್ನೂ ಆಗ ಕೇಳಿದವರು ಕಡಮೆ.

ಅದೇ ಹೇಯ್ಸ್ ಮತ್ತು ಅವನ ಸಂಗಡಿಗರು ೧೯೬೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಭಾರತೀಯರ ಮೇದಸ್ಸನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ದೆಹಲಿಯ ಸಾಮಾನ್ಯ ನಾಗರಿಕರ ಕೊಬ್ಬಿನಲ್ಲಿ ಕಿಲೋಗ್ರಾಮಿಗೆ ಸರಾಸರಿ ಇಪ್ಪತ್ತು ಮಿಲಿಗ್ರಾಮಿಗೂ ಮಿಗಿಲಾಗಿ ಡಿಡಿಟಿಯೂ ಅದರ ರೂಪಾಂತರಗಳೂ ಇದ್ದುವು. ಅಮೆರಿಕನ್ನರಲ್ಲಿ ಕಂಡುಬಂದಿದ್ದುದಕ್ಕಿಂತ ಇದು ಬಹಳ ಹೆಚ್ಚು. ಲೆಕ್ಕ ಹಾಕಿದರೆ, ಹದಿನೈದು ಕಿಲೋಗ್ರಾಂ ಕೊಬ್ಬುಳ್ಳ ಒಬ್ಬ ಮನುಷ್ಯನ ಮೈಯಲ್ಲಿ ಮುನ್ನೂರು ಮಿಲಿಗ್ರಾಂ, ಎಂದರೆ ಜ್ವರಕ್ಕೆ ನುಂಗುವ ಗುಳಿಗೆಯೊಂದರಲ್ಲಿ ಅರ್ಧಕ್ಕಿಂತ ಹೆಚ್ಚಾದೀತು. ಅಮೆರಿಕನ್ನರಿಗೆ ಡಿಡಿಟಿಯು ಮುಖ್ಯವಾಗಿ ಮಾಂಸದಿಂದ ಬರುತ್ತಿದ್ದಿತೆಂಬುದು ಆ ಕಾಲದ ಗ್ರಹಿಕೆ. ಮಾಂಸವನ್ನು ಮುಟ್ಟದವರೂ, ಮುಟ್ಟಿದರೂ ವಾರಕ್ಕೋ ತಿಂಗಳಿಗೋ ಒಮ್ಮೆ ಮುಟ್ಟುವವರೂ ತುಂಬಿರುವ ನಮ್ಮ ದೇಶದಲ್ಲಿ, ಅವರಿಗಿಂತ ಬಡವರಾದ ನಾವು, ಈ ವಿಷಯದಲ್ಲಿ ಮಾತ್ರ ಅವರಿಗಿಂತ ಸಂಪನ್ನರಾದುದು ಹೇಗೆ?

ಇದಕ್ಕೆ ಉತ್ತರವು ನಮ್ಮ ಮನೆಗಳಲ್ಲಿಯೇ ಇದೆ. ನಮ್ಮ ಹಿರಿಯರು ತೊಗರಿಗೆ ಕೆಮ್ಮಣ್ಣು ಕಟ್ಟಿ, ಬೇಳೆಗೆ ಹರಳೆಣ್ಣೆ ಸವರಿ, ಧಾನ್ಯದ ನಡುವೆ ಬೇವಿನ ಸೊಪ್ಪನ್ನೋ ಬೂದಿಯನ್ನೋ ಹರಡಿ ಹುಳುಗಳಿಂದ ಕಾಪಾಡುತ್ತಿದ್ದರು. ಚಿಟಿಕೆ ಪುಡಿಯನ್ನು ಬೆರೆಸಿದರೆ ಮೂಟೆಗೆ ಹುಳು ಹತ್ತುವುದಿಲ್ಲವೆಂದಾಗ, ಅದನ್ನು ಬೆರೆಸದೆ ಬಿಟ್ಟಾರೆಯೇ? ತಿಗಣೆಗೆಂದು ಮಂಚಕ್ಕೆ, ಜಿರಲೆಗೆಂದು ಅಡುಗೆಮನೆಯ ಮೂಲೆಗೆ, ಇರುವೆಗೆಂದು ಹೊಸ್ತಿಲಿಗೆ ಅದನ್ನು ಚೆಲ್ಲುವುದು ರೂಢಿಯಾಯಿತು. ಇದರ ಜೊತೆಗೆ ಬತ್ತದ ಗದ್ದೆಗಳಿಗೆ ಬಿ.ಎಚ್.ಸಿ. ಪುಡಿ ಬಂದಿತು, ಹಳ್ಳಿಗಳಲ್ಲಿ ಗ್ಯಾಮಾಕ್ಸಿನ್ ಎಂಬ ಹೆಸರಿನಿಂದ ಬಳಕೆಯಾದುದು ಇದೇ ವಂಶದ ವಸ್ತು. ಈ ಬಿ.ಎಚ್.ಸಿ.ಯಲ್ಲಿ ಕೀಟವನ್ನು ಕೊಲ್ಲುವ ಅಂಶವು ನೂರಕ್ಕೆ ಸುಮಾರು ಹತ್ತರಿಂದ ಹದಿನೈದು ಭಾಗ ಮಾತ್ರ, ಉಳಿದುದು ನಿಷ್ಪ್ರಯೋಜಕ. ಆ ನಿಷ್ಪ್ರಯೋಜಕ ಭಾಗದಲ್ಲಿಯೇ ಬೀಟಾ ಎಂಬ ಬಗೆಯು ಮನುಷ್ಯನ ಕೊಬ್ಬಿನಲ್ಲಿ ಎಲ್ಲಕ್ಕಿಂತ ದೀರ್ಘಕಾಲ ನಿಲ್ಲತಕ್ಕದ್ದು. ಬೇರೆ ದೇಶಗಳು ಬೇಕಾದ ಅಂಶವನ್ನು ಶೋಧಿಸಿ ತೆಗೆದು ಲಿಂಡೇನ್ ಎಂಬ ಹೆಸರಿನಿಂದ ಬಳಸುತ್ತಿದ್ದಾಗ, ಅಗ್ಗವೆಂಬ ಕಾರಣದಿಂದ ನಾವು ಕಸರನ್ನೂ ಕೂಡಿಸಿಯೇ ಹೊಲಗಳಿಗೆ ಎರಚಿದೆವು.

ಗದ್ದೆಗೆ ಎರಚಿದ ಪುಡಿಯು ಗದ್ದೆಯಲ್ಲಿಯೇ ನಿಲ್ಲಲಿಲ್ಲ. ಬತ್ತವು ಒಕ್ಕಣೆಯಾಗಿ ಮನೆಗೆ ಬಂದರೆ ಹುಲ್ಲು ಬಣವೆಗೆ ಹೋಗುತ್ತದೆ. ಬಣವೆಯ ಹುಲ್ಲನ್ನು ಹಸುವೂ ಎಮ್ಮೆಯೂ ವರ್ಷವಿಡೀ ಮೇಯುತ್ತವೆ. ಹುಲ್ಲಿನ ಮೇಲಿದ್ದುದು ಅವುಗಳ ಕೊಬ್ಬನ್ನು ಸೇರಿ, ಅಲ್ಲಿಂದ ಹಾಲಿನ ಜಿಡ್ಡಿಗೆ ಇಳಿಯುತ್ತದೆ. ಹಾಲನ್ನು ಹೆಪ್ಪು ಹಾಕಿ, ಮೊಸರನ್ನು ಕಡೆದು, ಬೆಣ್ಣೆಯನ್ನು ತೆಗೆದಾಗ, ನೀರಿನಂಶವೆಲ್ಲ ಮಜ್ಜಿಗೆಯಾಗಿ ಉಳಿದು, ವಿಷವು ಜಿಡ್ಡಿನೊಡನೆ ಬೆಣ್ಣೆಯಲ್ಲಿ ನಿಲ್ಲುತ್ತದೆ. ಬೆಣ್ಣೆಯನ್ನು ಕಾಯಿಸಿದರೆ ತುಪ್ಪದಲ್ಲಿ ಇನ್ನೂ ಸಾಂದ್ರವಾಗುತ್ತದೆ. ಮಗುವಿಗೆ ಒಳ್ಳೆಯದಾಗಲೆಂದು ಅನ್ನದ ಮೇಲೆ ತಾಯಿಯು ಒಂದು ಮಿಳ್ಳೆ ತುಪ್ಪವನ್ನು ಹೆಚ್ಚಾಗಿ ಬಡಿಸಿದಾಗ, ಆಕೆಯ ವಾತ್ಸಲ್ಯದಲ್ಲಿ ಯಾವ ಲೋಪವೂ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹನ್ನೆರಡು ರಾಜ್ಯಗಳಿಂದ ಹಸು ಎಮ್ಮೆಗಳ ಹಾಲಿನ ೨೨೦೫ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿ, ೧೯೯೩ರಲ್ಲಿ ಕೊಟ್ಟ ವರದಿಯಲ್ಲಿ, ನೂರಕ್ಕೆ ೮೨ರಲ್ಲಿ ಡಿಡಿಟಿ ಇದ್ದಿತೆಂದೂ ನೂರಕ್ಕೆ ೩೭ರಲ್ಲಿ ಅದು ವಿಧಿಸಿದ ಮಿತಿಯನ್ನು ಮೀರಿದ್ದಿತೆಂದೂ ಹೇಳಿತು. ಬೇಸಾಯದಲ್ಲಿ ಡಿಡಿಟಿಯನ್ನು ನಿಷೇಧಿಸಿ ಆಗ ನಾಲ್ಕು ವರ್ಷಗಳು ಕಳೆದಿದ್ದುವು.

ನಮ್ಮ ರೈತರು ಬೆಳೆಗೆ ವಿಷವನ್ನು ಹಾಕಿದೆವೆಂದು ಎಂದೂ ಹೇಳುವುದಿಲ್ಲ. "ಔಷಧಿ ಹೊಡೆದೆವು" ಎನ್ನುತ್ತಾರೆ, ಉತ್ತರದ ಜಿಲ್ಲೆಗಳಲ್ಲಿ "ಎಣ್ಣೆ ಹೊಡೆದೆವು" ಎನ್ನುವುದೂ ಉಂಟು. ಅವರಿಗೆ ಈ ಮಾತನ್ನು ಕಲಿಸಿದವರು ಮಾರುವವರೂ ಪ್ರಚಾರಕರೂ ಆದುದರಿಂದ ತಪ್ಪು ರೈತರದಲ್ಲ. ಔಷಧಿಯೆಂದು ತಿಳಿದ ವಸ್ತುವನ್ನು ಬರಿಗೈಯಲ್ಲಿ ಕಲಸಲು ಯಾರು ತಾನೆ ಅಂಜುವರು?

ಇನ್ನು, ಕೊಬ್ಬಿನಲ್ಲಿ ಸುಮ್ಮನೆ ಬಿದ್ದಿರುವ ವಿಷದಿಂದ ಏನು ಕೇಡು ಎಂಬ ಪ್ರಶ್ನೆಯು ಸಹಜ. ಒಂದು ದೃಷ್ಟಿಯಿಂದ ಮೇದಸ್ಸು ನಮ್ಮನ್ನು ರಕ್ಷಿಸುತ್ತಿದೆಯೆಂದೇ ಹೇಳಬೇಕು. ಅದು ವಿಷವನ್ನು ತನ್ನಲ್ಲಿ ಬಂಧಿಸಿಡದಿದ್ದರೆ, ಮೆದುಳು ನರಗಳ ಮೇಲೆ ಅದರ ಭಾರ ಇನ್ನಷ್ಟು ಬೀಳುತ್ತಿದ್ದಿತು. ಆದರೆ ಕಣಜದ ಧಾನ್ಯವು ಎಂದಾದರೊಂದು ದಿನ ಹೊರಕ್ಕೆ ಬರತಕ್ಕದ್ದೇ ಅಷ್ಟೆ. ದೀರ್ಘವಾದ ಕಾಯಿಲೆಯಿಂದ ಬಡವಾದಾಗ, ಉಪವಾಸದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಮೈತೂಕವು ಬೇಗನೆ ಇಳಿದಾಗ, ಕರಗಿದ ಕೊಬ್ಬಿನೊಡನೆ ವಿಷವೂ ಬಿಡುಗಡೆಯಾಗಿ ರಕ್ತದಲ್ಲಿ ಅದರ ಪ್ರಮಾಣವು ಏರುವುದನ್ನು ವೈದ್ಯರು ಅಳೆದು ನೋಡಿದ್ದಾರೆ. ದೇಹದೊಳಗೆ ಅದು ಹಾರ್ಮೋನುಗಳ ವೇಷವನ್ನು ಧರಿಸಿಯೋ ಅವುಗಳ ದಾರಿಗೆ ಅಡ್ಡನಿಂತೋ ಕೆಲಸ ಕೆಡಿಸಬಲ್ಲುದು. ಸ್ತನದ ಅರ್ಬುದಕ್ಕೂ ಇದಕ್ಕೂ ಇರುವ ಸಂಬಂಧದ ವಿಷಯದಲ್ಲಿ ವಿಜ್ಞಾನಿಗಳು ಬಹುಕಾಲ ಜಗಳವಾಡಿದರು. ತೊಂಬತ್ತರ ದಶಕದಲ್ಲಿ ಸಂಬಂಧವಿದೆಯೆಂದು ಒಂದು ಅಧ್ಯಯನವು ಹೇಳಿದರೆ ಇಲ್ಲವೆಂದು ಇನ್ನೊಂದು ಹೇಳಿತು. ೧೯೫೯ರಿಂದ ೧೯೬೭ರವರೆಗೆ ಕ್ಯಾಲಿಫೋರ್ನಿಯದ ತಾಯಂದಿರಿಂದ ತೆಗೆದು ಕಾಪಿಟ್ಟಿದ್ದ ರಕ್ತವನ್ನು ಬಾರ್ಬರಾ ಕೋನ್ ಮತ್ತು ಸಂಗಡಿಗರು ದಶಕಗಳ ತರುವಾಯ ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯು ಹೊಸ ದಾರಿಯನ್ನು ತೋರಿಸಿತು: ಹದಿನಾಲ್ಕು ವರ್ಷ ತುಂಬುವ ಮೊದಲೇ ಡಿಡಿಟಿಗೆ ಹೆಚ್ಚಾಗಿ ಈಡಾದವರಲ್ಲಿಯೇ ಅಪಾಯವು ಹಲವು ಪಟ್ಟು ಅಧಿಕವಾಗಿ ಕಂಡಿತು. ಎಷ್ಟು ತಿಂದರೆಂಬುದಕ್ಕಿಂತ ಯಾವ ವಯಸ್ಸಿನಲ್ಲಿ ತಿಂದರೆಂಬುದು ಮುಖ್ಯವೆಂಬುದು ಇದರಿಂದ ಹೊಳೆದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು ೨೦೧೫ರಲ್ಲಿ ಲಿಂಡೇನನ್ನು ಮನುಷ್ಯರಲ್ಲಿ ಅರ್ಬುದಕಾರಕವೆಂದೂ, ಡಿಡಿಟಿಯನ್ನು ಬಹುಶಃ ಅರ್ಬುದಕಾರಕವೆಂದೂ ವರ್ಗೀಕರಿಸಿತು.

ಹೀಗೆಂದು ಎಲ್ಲ ವ್ಯಾಧಿಗೂ ಕೀಟನಾಶಕವನ್ನೇ ಹೊಣೆಮಾಡುವ ಆತುರವೂ ಸಲ್ಲದು. ಎಪ್ಪತ್ತರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕುಟುಂಬಗಳ ಜನರು ಸೊಂಟ ಮಂಡಿಗಳ ನೋವಿನಿಂದ ಕುಗ್ಗಿ, ನಡೆಯಲಾರದವರಾದಾಗ, ಗದ್ದೆಗಳಿಗೆ ಹಾಕಿದ ವಿಷವು ಏಡಿಗಳ ಮೂಲಕ ಅವರ ಹೊಟ್ಟೆಯನ್ನು ಸೇರಿತೆಂಬ ಊಹೆಯು ಹಬ್ಬಿದ್ದಿತು. ಅದು ಅನುವಂಶೀಯವಾಗಿ ಬರುವ ಮೂಳೆಯ ರೋಗವೆಂಬುದು ಮುಂದಿನ ಸಂಶೋಧನೆಯಿಂದ ತಿಳಿದುಬಂದಿತು. ನೊಂದವರ ಬಗೆಗೆ ಕನಿಕರವಿದ್ದಷ್ಟೇ ಸತ್ಯದ ಬಗೆಗೂ ಶ್ರದ್ಧೆಯಿರಬೇಕಾದುದರಿಂದ ಈ ಪ್ರಸಂಗವನ್ನು ಇಲ್ಲಿ ಬಿಡಲಾಗಲಿಲ್ಲ. ಹಾಗೆಯೇ, ಕಾಸರಗೋಡಿನ ಪಡ್ರೆಯಲ್ಲಿಯೂ ಬೆಳ್ತಂಗಡಿಯ ಕೊಕ್ಕಡದಲ್ಲಿಯೂ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಾನುವರ್ಷ ಸುರಿದ ಎಂಡೋಸಲ್ಫಾನ್ ಎಂಬ ವಿಷದ ಕಥೆಯೂ ಬೇರೆ ಬಗೆಯದು. ಅದು ಡಿಡಿಟಿಯಂತೆ ದಶಕಗಳ ಕಾಲ ಮೇದಸ್ಸಿನಲ್ಲಿ ಕೂಡುವುದಿಲ್ಲ. ಅಲ್ಲಿನ ಕನ್ನಡ ತುಳು ಮನೆಗಳ ಮಕ್ಕಳ ಸಂಕಟವನ್ನು ವೈದ್ಯ ಮೋಹನ ಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಲೋಕದ ಮುಂದೆ ಇಟ್ಟು, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆಯನ್ನೂ ಬಳಕೆಯನ್ನೂ ತಡೆಯುವವರೆಗಿನ ಆ ವೃತ್ತಾಂತಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಮೇದಸ್ಸಿನ ಕಣಜವನ್ನು ಬರಿದುಮಾಡುವ ಹೆಬ್ಬಾಗಿಲು ಒಂದೇ ಒಂದು. ಅದು ತಾಯಿಯ ಎದೆಹಾಲು. ಹಾಲಿನಲ್ಲಿರುವ ಜಿಡ್ಡಿನ ಗಣನೀಯ ಭಾಗವು ತಾಯಿಯು ಹಿಂದೆ ಕೂಡಿಟ್ಟ ಕೊಬ್ಬಿನಿಂದಲೇ ಬರುವುದರಿಂದ, ಹಾಲೂಡಿಸಿದಂತೆಲ್ಲ ಆಕೆಯ ಮೈಯ ವಿಷವು ಇಳಿಯುತ್ತದೆ. ಹಲವು ವರ್ಷಗಳ ಶೇಖರಣೆಯ ಹೆಚ್ಚಿನ ಪಾಲು ಚೊಚ್ಚಲ ಮಗುವಿಗೆ ಸಲ್ಲುತ್ತದೆ. ಎರಡನೆಯದಕ್ಕೆ ಕಡಮೆ, ಮೂರನೆಯದಕ್ಕೆ ಇನ್ನೂ ಕಡಮೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಎರಿಕ್ ದೆವಾಯಿ ಎಂಬ ವೈದ್ಯನು ಎಂಬತ್ತರ ದಶಕದ ಕೊನೆಯಲ್ಲಿ ನಗರವಾಸಿಗಳ ಹಾಲಿನೊಡನೆ ಹೋಲಿಸುವುದಕ್ಕಾಗಿ, ಕಾರ್ಖಾನೆಯೂ ಹೊಲವೂ ಇಲ್ಲದ ಹಿಮಪ್ರದೇಶದ ಇನುಯಿಟ್ ತಾಯಂದಿರ ಹಾಲನ್ನು ನಿರ್ಮಲವೆಂದು ಭಾವಿಸಿ ತರಿಸಿಕೊಂಡನು. ಅದರಲ್ಲಿಯೇ ಕ್ಲೋರಿನ್ ಉಳ್ಳ ವಿಷಗಳು ದಕ್ಷಿಣದ ತಾಯಂದಿರಲ್ಲಿ ಇದ್ದುದಕ್ಕಿಂತ ಹಲವು ಪಟ್ಟು ಹೆಚ್ಚಾಗಿದ್ದುವು. ಗಾಳಿಯಲ್ಲಿಯೂ ಕಡಲ ಪ್ರವಾಹದಲ್ಲಿಯೂ ತೇಲಿ ಉತ್ತರಕ್ಕೆ ಸಾಗಿದ ವಿಷವು ಮೀನಿಗೆ, ಮೀನಿನಿಂದ ಸೀಲ್ ತಿಮಿಂಗಿಲಗಳ ಕೊಬ್ಬಿಗೆ, ಅದನ್ನೇ ಆಹಾರವಾಗಿ ಉಳ್ಳ ಆ ಜನರಿಗೆ ತಲುಪಿದ್ದಿತು. ತಾಯಂದಿರು ಇದನ್ನೋದಿ ಎದೆಹಾಲನ್ನು ಬಿಡಿಸಬಾರದು. ರೋಗಗಳಿಂದ ಕಾಪಾಡುವುದರಲ್ಲಿಯೂ ಬೆಳವಣಿಗೆಯಲ್ಲಿಯೂ ಅದಕ್ಕೆ ಸಮನಾದುದು ಇಲ್ಲವೆಂಬುದೇ, ಈ ಅವಶೇಷಗಳನ್ನೆಲ್ಲ ಬಲ್ಲ ವಿಶ್ವ ಆರೋಗ್ಯ ಸಂಸ್ಥೆಯ ದೃಢವಾದ ಅಭಿಪ್ರಾಯ. ಬದಲಿಗೆ ಕೊಡುವ ಡಬ್ಬಿಯ ಪುಡಿಯೂ ನಿರ್ಮಲವಲ್ಲವೆಂಬುದನ್ನು ಮೇಲೆ ಹೇಳಿದ ೧೯೯೩ರ ವರದಿಯೇ ತೋರಿಸಿದ್ದಿತು.

ಶುದ್ಧಿಮಾಡಬೇಕಾದುದು ಹಾಲನ್ನಲ್ಲ, ಹೊಲವನ್ನು. ಅದು ಸಾಧ್ಯವೆಂಬುದಕ್ಕೆ ಸಾಕ್ಷ್ಯವುಂಟು. ಸ್ವೀಡನ್ ದೇಶವು ಎಪ್ಪತ್ತರ ದಶಕದ ಆರಂಭದಲ್ಲಿ ಡಿಡಿಟಿಯನ್ನು ಕಟ್ಟುಮಾಡಿತು. ಸ್ಟಾಕ್‌ಹೋಮಿನ ತಾಯಿಹಾಲಿನ ಕೇಂದ್ರದಲ್ಲಿ ವರ್ಷವರ್ಷವೂ ಸಂಗ್ರಹಿಸಿದ ಹಾಲನ್ನು ಪರೀಕ್ಷಿಸಿದಾಗ, ಆ ವಿಷವು ಕೆಲಕೆಲವು ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತ, ಶತಮಾನದ ಕೊನೆಯ ಹೊತ್ತಿಗೆ ಮೊದಲಿದ್ದುದರ ಅತ್ಯಲ್ಪ ಭಾಗ ಮಾತ್ರ ಉಳಿದಿತ್ತು. ನಮ್ಮಲ್ಲಿಯೂ ೧೯೮೯ರಲ್ಲಿ ಬೇಸಾಯಕ್ಕೆ ಡಿಡಿಟಿಯು ನಿಷಿದ್ಧವಾಗಿ, ೧೯೯೭ರಲ್ಲಿ ಬಿ.ಎಚ್.ಸಿ.ಯೂ ನಿಂತ ಮೇಲೆ ಆಹಾರದಲ್ಲಿ ಇವುಗಳ ಅವಶೇಷವು ಇಳಿಯುತ್ತ ಬಂದಿದೆ. ಇಂಥ ಚಿರಸ್ಥಾಯಿ ವಿಷಗಳನ್ನು ಲೋಕದಿಂದ ತೊಡೆಯುವ ೨೦೦೧ರ ಸ್ಟಾಕ್‌ಹೋಮ್ ಒಪ್ಪಂದವನ್ನು ೨೦೦೬ರಲ್ಲಿ ಭಾರತವೂ ಅಂಗೀಕರಿಸಿತು, ರೋಗ ಹರಡುವ ಕೀಟಗಳ ನಿವಾರಣೆಗೆ ಮಾತ್ರ ಡಿಡಿಟಿಯನ್ನು ಉಳಿಸಿಕೊಂಡು. ಅಮೆರಿಕದಲ್ಲಿ ಅದರ ಬಳಕೆಯು ನಿಂತುದು ೧೯೭೨ರಲ್ಲಿ. ಆ ದೇಶದಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಹದಿಹರೆಯದ ಮಕ್ಕಳ ರಕ್ತವನ್ನು ಪರೀಕ್ಷಿಸಿದರು. ನಿಷೇಧವಾಗಿ ಹತ್ತು ಹದಿನೈದು ವರ್ಷಗಳ ನಂತರ ಹುಟ್ಟಿದ ಆ ಮಕ್ಕಳಲ್ಲಿ, ಅವರ ತಾಯಂದಿರು ಎಳೆಯರಾಗಿದ್ದಾಗ ಹೊಲತೋಟಗಳಿಗೆ ಹೊಡೆದ ಪುಡಿಯ ಡಿಡಿಇ, ತೀರ ಸ್ವಲ್ಪವಾಗಿ, ಇನ್ನೂ ಇದ್ದಿತು.